ಗಾಜಿಗೆ ಬಣ್ಣ ಹಿಡಿಸಿದವರು

ನಮ್ಮ ಕೆಮಿಸ್ಟ್ರಿ ಮೇಡಂ ಅವರಿಗೆ ಎಡಗಣ್ಣಿನ ಮೇಲೆ ಅರ್ಧ ಹುಬ್ಬು ಮಾತ್ರ ಇತ್ತು. ಮೂಗಿನ ಕಡೆಯಿಂದ ದಟ್ಟವಾಗಿ ಶುರುವಾದ ಕೂದಲು ನಡುವೆಯೇ ನಿಂತುಬಿಡುತ್ತಿತ್ತು. ಅಲ್ಲಿಂದ ಕಿವಿಯ ತನಕ ನುಣ್ಣನೆಯ, ತುಸು ಹೊಳೆಯುವ ಚರ್ಮ. ಧಾರವಾಡದಲ್ಲಿ ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ, ಕಾದ ತಟ್ಟೆಯ ಮೇಲಿಟ್ಟ ಸ್ಪಿರಿಟ್ ಬೆರೆತ ಪೇಸ್ಟು ಭಗ್ಗೆಂದು ಹತ್ತಿಕೊಂಡು ಸುಟ್ಟ ಜಾಗ ಅದು. ಕಾಡಿಗೆಯಿಂದ ತಿದ್ದಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ತಿದ್ದಿಕೊಳ್ಳುತ್ತಿರಲಿಲ್ಲ. ಬಿ.ಎಸ್‌ಸಿ. ಮೊದಲ ವರ್ಷದ ಮೊದಲ ದಿನ ಶಿಗ್ಗಾವಿಯ ನಮ್ಮ ಕಾಲೇಜಿನ ತರಗತಿಗೆ ಬಂದವರು, ನಾವೆಲ್ಲ ಕದ್ದು ಕದ್ದು ಅಲ್ಲೇ ನೋಡುತ್ತಿರುವುದನ್ನು ಕಂಡು, ಹಾಜರಿ ಪುಸ್ತಕ ಬದಿಗಿಟ್ಟು ಹೇಳಿದರು:

"ಎಲ್ಲಾರೂ ಒಮ್ಮೆ ಚಂದಂಗ ನೋಡಿಬಿಡ್ರಿ. ಆಮ್ಯಾಲೆ ಪಾಠದ ಕಡೆ ಲಕ್ಷ್ಯ ಕೊಡೂಣು."

ನಾವು ತಲೆ ತಗ್ಗಿಸಿದೆವು. ಅವರು ನಗಲಿಲ್ಲ. ಖರೇನೇ ನೋಡಲಿ ಎಂದು ಅಲ್ಲೇ ನಿಂತಿದ್ದರು.

ಅವರ ಮನೆ ಸವಣೂರಿನಲ್ಲಿ. ನೂಲಿಗೆ, ಸೀರೆಗೆ ಬಣ್ಣ ಹಾಕುವ ಮನೆತನ. ಓಣಿಯಲ್ಲಿ ಈಗಲೂ ಅವರ ಮನೆಯನ್ನು ರಂಗರೇಜರ ಮನೆ ಎಂದೇ ತೋರಿಸುತ್ತಾರೆ, ಬಣ್ಣದ ಹಂಡೆಗಳು ಒಲೆಯಿಂದ ಇಳಿದು ಎಷ್ಟೋ ವರ್ಷವಾದರೂ. ಅಬ್ಬಾ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವರು ಮತ್ತು ಅವರ ಅಕ್ಕ. ಅಕ್ಕ ಬಟ್ಟೆ ಹೊಲಿಯುತ್ತಿದ್ದರು. ಮೇಡಂ ದಿನಾ ಬೆಳಿಗ್ಗೆ ಬಂಕಾಪುರದ ಮೇಲಿಂದ ಬರುವ ಬಸ್ಸು ಹತ್ತಿ ಶಿಗ್ಗಾವಿಗೆ ಬಂದು, ಸಂಜೆ ಹೊಳ್ಳಿ ಹೋಗುತ್ತಿದ್ದರು. ಡಾಕ್ಟರೇಟ್ ಇದ್ದರೂ ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಆಡಳಿತ ಮಂಡಳಿ ಮನಸ್ಸು ಮಾಡಿದರೆ ಉಂಟು, ಇಲ್ಲವಾದರೆ ಇಲ್ಲ.

ಅವರ ವಿಷಯ ನ್ಯಾನೋ. ಆ ಶಬ್ದವನ್ನು ನಾವು ಆಗ ಕೇಳಿದ್ದು ಒಂದು ಸಣ್ಣ ಕಾರಿನ ಹೆಸರಾಗಿ ಮಾತ್ರ. ಒಂದು ದಿನ ಸಣ್ಣ ಬಾಟಲಿಯಲ್ಲಿ ಕೋಕಮ್ ಶರಬತ್ತಿನಂಥ ಕೆಂಪು ನೀರು ತಂದು ಮೇಜಿನ ಮೇಲಿಟ್ಟರು. ಇದೇನೆಂದು ಕೇಳಿದರು. ನಾವು ಒಬ್ಬೊಬ್ಬರು ಒಂದೊಂದು ಹೇಳಿದೆವು.

"ಬಂಗಾರ," ಅಂದರು ಮೇಡಂ. "ನಿಮ್ಮ ಕೊಳ್ಳಾಗ ಇರೂದ ಇದು. ಭಾಳ ಭಾಳ ಸಣ್ಣ ಮಾಡಿದ್ರ ಬಂಗಾರದ ಬಣ್ಣ ಹಳದಿ ಇರಂಗಿಲ್ಲ, ಕೆಂಪಗಾಗ್ತೈತಿ. ಅದರ ಜಾತಿ ಬದಲಾಗಿಲ್ಲ, ಅಳತಿ ಬದಲಾಗೇತಿ. ಅಳತಿ ಬದಲಾದ್ರ ಗುಣಾನೂ ಬದಲಾಗ್ತಾವು."

ಆ ಬಾಟಲಿ ಬೆಂಚಿನಿಂದ ಬೆಂಚಿಗೆ ಹೋಯಿತು. ನನ್ನ ಕೈಗೆ ಬಂದಾಗ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಾನು ವಿಜ್ಞಾನ ಓದುವ ಹುಡುಗಿಯಾದದ್ದು ಆವತ್ತು. ಅಲ್ಲಿಯತನಕ ಅಂಕ ಬಂದಿದ್ದವೆಂದು ಓದುತ್ತಿದ್ದೆ, ಅಷ್ಟೆ.

ಪ್ರಯೋಗಶಾಲೆಯ ಹಿಂದೆ ಮುರಿದ ಸ್ಟೂಲು, ಹಳೆಯ ತಕ್ಕಡಿ ಒಗೆದಿದ್ದ ಒಂದು ಕೋಣೆ ಇತ್ತು. ಮೇಡಂ ಕೇಳಿಕೊಂಡು ಅದನ್ನು ಪಡೆದರು. ಎರಡನೇ ವರ್ಷದಿಂದ ನಾನು ಅಲ್ಲೇ ಬಿದ್ದಿರುತ್ತಿದ್ದೆ. ಟೈಟಾನಿಯಂ ಆಕ್ಸೈಡು ಅಂತ ಹಿಟ್ಟಿಗಿಂತ ನುಣ್ಣನೆಯ ಬಿಳಿ ಪುಡಿ. ಅದನ್ನು ಕಲಬತ್ತಿನ ಸಣ್ಣ ಒರಳಿನಲ್ಲಿ ಹುಳಿನೀರು ಹಾಕಿ ಅರೆದು, ಕರೆಂಟು ಹರಿಯುವ ವಿಶೇಷ ಗಾಜಿನ ಮೇಲೆ ತೆಳ್ಳಗೆ ಸವರಿ, ಕುಲುಮೆಯಲ್ಲಿ ಸುಟ್ಟು, ಆರಿದ ಮೇಲೆ ಹಣ್ಣಿನ ರಸದಲ್ಲಿ ನೆನೆಹಾಕುವುದು. ನೇರಳೆ, ದಾಳಿಂಬೆ, ದಾಸವಾಳ, ಯಾವ ಕಾಲಕ್ಕೆ ಯಾವುದು ಸಿಕ್ಕರೆ ಅದು. ಬಿಳಿ ಪದರ ಆ ಬಣ್ಣ ಕುಡಿಯುತ್ತಿತ್ತು. ಇನ್ನೊಂದು ಗಾಜಿಗೆ ಮೇಣದಬತ್ತಿಯ ಮಸಿ ಹಿಡಿಸಿ, ನಡುವೆ ಅಯೋಡಿನ್ ಹನಿ ಬಿಟ್ಟು, ಎರಡನ್ನೂ ಕ್ಲಿಪ್ಪಿನಿಂದ ಜೋಡಿಸಿ ಬಿಸಿಲಿಗೆ ಇಟ್ಟರೆ ಕರೆಂಟು ಹುಟ್ಟುತ್ತಿತ್ತು. ಒಂದು ದಿನ ಮೇಡಂ ಅಂಥ ಕೆಲವು ಗಾಜುಗಳನ್ನು ಸಾಲಾಗಿ ಜೋಡಿಸಿ, ಬ್ಯಾಟರಿ ತೆಗೆದ ಕ್ಯಾಲ್ಕುಲೇಟರಿಗೆ ತಂತಿ ಕಟ್ಟಿ, ನನಗೆ ಒತ್ತಲು ಹೇಳಿದರು. ನೇರಳೆ ಹಣ್ಣಿನ ಬಲದಲ್ಲಿ ಕ್ಯಾಲ್ಕುಲೇಟರು ಅಂಕಿ ತೋರಿಸಿತು.

ಧಾರವಾಡದಲ್ಲಿ ಅವರು ಇದೇ ಪುಡಿಯ ಮೇಲೆ ಬೇರೆ ಕೆಲಸ ಮಾಡಿದ್ದರು. ಇದರ ಅತಿ ತೆಳು ಪದರ, ತನ್ನೊಳಗೆ ಒಮ್ಮೆ ಹರಿದ ಕರೆಂಟನ್ನು ನೆನಪಿಟ್ಟುಕೊಳ್ಳುತ್ತದಂತೆ. ಮುಂದಿನ ಕಂಪ್ಯೂಟರುಗಳ ನೆನಪಿನ ಭಾಗವನ್ನು ಅದರಿಂದ ಕಟ್ಟಬಹುದಂತೆ. ಆ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದ್ದೆ.

"ಅದಕ್ಕ ಧೂಳಿಲ್ಲದ ಖೋಲಿ ಬೇಕು. ನಮ್ಮ ಶಿಗ್ಗಾವ್ಯಾಗ ಧೂಳಿಲ್ಲದ ಖೋಲಿ ಎಲ್ಲಿ ತರಲವಾ. ಈ ಕೆಲಸ ಹಂಗಲ್ಲ, ಸ್ವಲ್ಪ ಧೂಳು ಬಿದ್ರೂ ನಡೀತೈತಿ."

ಆದರೆ ಆ ಗಾಜುಗಳು ಬಾಳುತ್ತಿರಲಿಲ್ಲ. ಕೆಲವೇ ದಿನಕ್ಕೆ ಬಣ್ಣ ಮಾಸುತ್ತಿತ್ತು, ಅಯೋಡಿನ್ ಒಣಗುತ್ತಿತ್ತು. ಅವರ ಹಟವೆಲ್ಲ ಅದರ ಮೇಲೆ. "ರಂಗ ಹಚ್ಚೂದು ಸಲೀಸು, ಹಿಡಿಸೂದು ಕಷ್ಟ ಅಂತಿದ್ರು ನಮ್ಮ ಅಬ್ಬಾ. ಅವರು ಪಟಿಕಾ, ಅಳಲಿಕಾಯಿ ಹಾಕಿ ಸೀರಿ-ಅರಿವಿಗೆ ಹಿಡಿಸ್ತಿದ್ರು. ಗಾಜಿಗೆ ಏನ ಹಾಕಬೇಕು ನೋಡೂಣು." ಅಬ್ಬಾ ಹೇಳಿದ ಒಂದೊಂದು ಉಪಾಯವನ್ನೂ ಒಂದೊಂದು ಗಾಜಿನ ಮೇಲೆ ಪರೀಕ್ಷಿಸುತ್ತಿದ್ದರು. ಬಹಳಷ್ಟು ಕೆಡುತ್ತಿದ್ದವು. ಕೆಟ್ಟದ್ದನ್ನು ಒಗೆಯುತ್ತಿರಲಿಲ್ಲ, ಕಿಟಕಿಯ ಕೆಳಗೆ ಒರಗಿಸಿ ಇಡುತ್ತಿದ್ದರು. ಹೊಗೆ ಎಳೆಯುವ ಯಂತ್ರ ಅಲ್ಲಿರಲಿಲ್ಲ. ಪುಡಿ ಅರೆಯುವಾಗ ದುಪ್ಪಟ್ಟಾ ಒದ್ದೆ ಮಾಡಿ ಮೂಗು ಬಾಯಿಗೆ ಸುತ್ತಿಕೊಳ್ಳುತ್ತಿದ್ದರು. ನನ್ನನ್ನು ಮಾತ್ರ ಹೊರಗೆ ಕಳಿಸುತ್ತಿದ್ದರು: "ಹೋಗಿ ನೀರು ಕುಡದು ಬಾ. ಅರಿಯೂದು ಮುಗದ ಮ್ಯಾಲೆ ಕರೀತೇನಿ."

ನಮ್ಮ ಅಪ್ಪ ಶಿಗ್ಗಾವಿಯಲ್ಲಿ ಸೋಲಾರ್ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದರು. ನಾನು ಕೊನೆಯ ವರ್ಷದಲ್ಲಿದ್ದಾಗ ಹುಬ್ಬಳ್ಳಿ ಕಡೆಯಿಂದ ಒಂದು ಕಂಪನಿಯ ಮನುಷ್ಯ ಬಂದ. ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು. ಅವನು ತಂದದ್ದು ನ್ಯಾನೋ ದ್ರಾವಣ. ಪ್ಯಾನೆಲ್ಲಿನ ಗಾಜಿಗೆ ಇದನ್ನು ಒಮ್ಮೆ ಸವರಿದರೆ ಧೂಳು ಹತ್ತುವುದಿಲ್ಲ, ಒಳಗೆ ಬಿಸಿಲು ಹೆಚ್ಚು ಇಳಿಯುತ್ತದೆ, ಪಂಪು ಇನ್ನಷ್ಟು ಹೊತ್ತು ಓಡುತ್ತದೆ ಅಂದ. ಅಪ್ಪ ಶಿಗ್ಗಾವಿ, ಸವಣೂರು, ಹಾನಗಲ್ಲು, ಹಿರೇಕೆರೂರು, ನಾಲ್ಕೂ ತಾಲೂಕಿಗೆ ಏಜೆನ್ಸಿ ಹಿಡಿದರು. ನಮ್ಮ ಕಾಲೇಜಿನ ಆಡಳಿತ ಮಂಡಳಿಯವರೊಬ್ಬರು ಅದರಲ್ಲಿ ಪಾಲುದಾರರಾದರು. ಹಾನಗಲ್ಲಿನ ಹತ್ತಿರದ ಕೆಲವು ಹೊಲಗಳಲ್ಲಿ ಸವರಿದ್ದೂ ಆಯಿತು.

ಮೇಡಂ ಬಗ್ಗೆ ಮನೆಯಲ್ಲಿ ಹೇಳುತ್ತಲೇ ಇದ್ದವಳು ನಾನು. ಅಪ್ಪ ಒಂದು ದಿನ ಅವರನ್ನು ಮನೆಗೆ ಕರೆಸಿದರು. ಇದರ ಬಗ್ಗೆ ನಾಲ್ಕು ಚಲೋ ಮಾತು ಬರೆದುಕೊಡಬೇಕು ಅಂದರು. ಮೇಡಂ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ, "ಬರ್ಯೂದಕ್ಕಿಂತ ಮೊದಲ ನೋಡಬೇಕ್ರಿ ಸಾವ್ಕಾರ್ರ. ಸ್ವಲ್ಪ ದಿನ ಕೊಡ್ರಿ," ಅಂದರು.

ನಮ್ಮ ಮನೆಯ ಮಾಳಿಗೆಯ ಮೇಲೆ ಎರಡು ಪ್ಯಾನೆಲ್ ಇಟ್ಟೆವು. ಒಂದಕ್ಕೆ ಸವರಿದ್ದು, ಒಂದಕ್ಕೆ ಬರೀ ಗಾಜು. ಮೇಡಂ ಮಧ್ಯಾಹ್ನದ ಬಿಡುವಿನಲ್ಲಿ ಕಾಲೇಜಿನಿಂದ ನಡೆದು ಬಂದು, ಬಿಸಿಲಿನಲ್ಲಿ ನಿಂತು ಮೀಟರು ಹಿಡಿಯುತ್ತಿದ್ದರು. ಅವ್ವ ಮಜ್ಜಿಗೆ ಕೊಟ್ಟರೆ ನಿಂತೇ ಕುಡಿಯುತ್ತಿದ್ದರು. ಮೊದಮೊದಲು ಸವರಿದ ಪ್ಯಾನೆಲ್ಲೇ ತುಸು ಮುಂದಿತ್ತು. ನಾನು ಖುಷಿಯಲ್ಲಿ ಅಪ್ಪನಿಗೆ ಹೇಳಿದ್ದೆ ಕೂಡ. ಮಂಜು ಬಿದ್ದರೂ ನೀರು ಮುತ್ತಾಗಿ ಜಾರುತ್ತಿತ್ತು. ಆಮೇಲೆ ಎರಡೂ ಸಮಕ್ಕೆ ಬಂದವು. ಇನ್ನೂ ಕೆಲವು ವಾರ ಬಿಸಿಲು ತಿಂದ ಮೇಲೆ ಆ ಪದರ ಹಳದಿಗೆ ತಿರುಗಿ, ಹಾಲಿನ ಕೆನೆಯ ಹಾಗೆ ಮಬ್ಬಾಯಿತು. ಈಗ ಬರೀ ಗಾಜಿನದೇ ಹೆಚ್ಚು.

ಮೇಡಂ ಅದನ್ನು ಅಪ್ಪನ ಎದುರು ಕೂತು ಹೇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಇದರಾಗ ನ್ಯಾನೋ ಏನೂ ಇಲ್ಲ ಅಂತ ನನಗ ಅನಸ್ತೈತಿ. ಅದನ್ನ ಪರೀಕ್ಷಾ ಮಾಡೂ ಯಂತ್ರ ನನ್ನ ಹತ್ರ ಇಲ್ಲ, ಹಿಂಗಾಗಿ ಗಟ್ಟಿ ಹೇಳಂಗಿಲ್ಲ. ಆದ್ರ ಬಿಸಲಿಗೆ ಮಬ್ಬಾಗತೈತಿ ಅನ್ನೂದು ಮಾತ್ರ ಖರೇ. ನೀವೂ ಮ್ಯಾಲೆ ಹೋಗಿ ನೋಡಬಹುದು."

ಅಪ್ಪ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು. "ಮೊದಲ ಚಲೋ ಇತ್ತಂತಲ್ರಿ. ಅಷ್ಟ ಬರೀರಿ. ಸುಳ್ಳಂತೂ ಆಗಂಗಿಲ್ಲ."

"ಆಗಂಗಿಲ್ಲ. ಆದ್ರ ರೈತ ಪ್ಯಾನೆಲ್ ಹಾಕ್ಸೂದು ಮೊದಲಿನ ಎಂಟು ದಿನಕ್ಕಲ್ಲಲ್ರಿ."

ಅಪ್ಪ ಕೆಟ್ಟವರಲ್ಲ. ಮಾಲು ಬಂದು ಗೋದಾಮಿನಲ್ಲಿ ಇಳಿದಿತ್ತು, ಪಾಲುದಾರರು ದಿನಾ ಫೋನು ಮಾಡುತ್ತಿದ್ದರು, ಕಂಪನಿಯವನು ಇದೆಲ್ಲ ಹವಾಮಾನದ ದೋಷ ಎಂದು ನಂಬಿಸಿದ್ದ. ಅವರು ಮಾಳಿಗೆ ಹತ್ತಿ ನೋಡಲಿಲ್ಲ. ಅವ್ವ ಎರಡು ಸಲ ಹೇಳಿದಳು. ಹೋಗಲಿಲ್ಲ.

ಹಿರೇಕೆರೂರಿನಲ್ಲಿ ಸಂತೆಯ ದಿನ ದೊಡ್ಡ ಪ್ರದರ್ಶನ ಇಟ್ಟುಕೊಂಡರು. ಅದಕ್ಕೆ ಕಂಪನಿಯವನು ಹ್ಯಾಂಡ್‌ಬಿಲ್ಲು ಅಚ್ಚು ಹಾಕಿಸಿದ್ದ. ಅದರಲ್ಲಿ, ಡಾಕ್ಟರೇಟ್ ಪಡೆದ ತಜ್ಞರಿಂದ ಪರೀಕ್ಷಿಸಲ್ಪಟ್ಟಿದೆ ಎಂಬ ಸಾಲಿನ ಕೆಳಗೆ ಮೇಡಂ ಹೆಸರಿತ್ತು. ಮೇಡಂ ಅದನ್ನು ನೋಡಿದ್ದು ಬಂಕಾಪುರದ ಬಸ್‌ಸ್ಟ್ಯಾಂಡಿನಲ್ಲಿ, ಯಾರೋ ಶೇಂಗಾ ಕಟ್ಟಿಕೊಟ್ಟ ಕಾಗದದ ಮೇಲೆ.

ಸಂತೆಯ ದಿನ ಅಪ್ಪನ ಜೊತೆ ನಾನೂ ಹೋಗಿದ್ದೆ. ಗೋವಿನಜೋಳದ ಚೀಲ ತುಂಬಿದ ಟ್ರ್ಯಾಕ್ಟರುಗಳ ನಡುವೆ ಶಾಮಿಯಾನ. ಕಂಪನಿಯವನು ದ್ರಾವಣ ಸವರಿದ ಗಾಜಿನ ಮೇಲೆ ಕೆಸರು ನೀರು ಸುರಿದ. ಒಂದು ಹನಿಯೂ ನಿಲ್ಲದೆ ಜಾರಿತು. ಜನ ಮುಂದೆ ಮುಂದೆ ಬಂದರು. ಅಷ್ಟರಲ್ಲಿ ಹಿಂದಿನಿಂದ ಮೇಡಂ ನಡೆದು ಬಂದರು. ಸರಕಾರಿ ಬಸ್ಸುಗಳನ್ನು ಬದಲಿಸುತ್ತ ಅಷ್ಟು ದೂರ ಬಂದಿದ್ದರು. ಮೈಕು ಕೇಳಲಿಲ್ಲ. ಹ್ಯಾಂಡ್‌ಬಿಲ್ಲು ಕೈಯಲ್ಲಿ ಹಿಡಿದು, ತರಗತಿಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ಮಾತಾಡಿದರು.

"ಈ ಚೀಟಿಯೊಳಗ ನನ್ನ ಹೆಸರೈತಿ. ನಾ ಇದನ್ನ ಪರೀಕ್ಷಾ ಮಾಡೇನಿ ಅನ್ನೂದು ಖರೇ ಐತಿ. ಏನ ಕಂಡೆ ಅನ್ನೂದನ್ನ ಇದರಾಗ ಹಾಕಿಲ್ಲ. ಅಷ್ಟ ಹೇಳಿ ಹೋಗ್ತೇನಿ."

ಹೇಳಿದರು. ಮೊದಲು ಧೂಳು ಜಾರುವುದನ್ನೂ ಬಿಡದೆ ಹೇಳಿದರು, ಆಮೇಲೆ ಮಬ್ಬಾಗುವುದನ್ನೂ ಹೇಳಿದರು. ಒಬ್ಬ ಮುದುಕರು, "ಹಂಗಾರ ನ್ಯಾನೋ ಅನ್ನೂದ ಸುಳ್ಳೇನ್ರಿ?" ಅಂದರು.

"ಅದು ಸುಳ್ಳಲ್ರೀ ಅಜ್ಜಾರ. ನನ್ನ ಅರ್ಧಾ ಆಯುಷ್ಯ ಅದರಾಗ ಹೋಗೇತಿ. ಮುಂದ ಒಂದಿನ ನಿಮ್ಮ ಪಂಪು, ನಿಮ್ಮ ಫೋನು, ಎಲ್ಲಾ ಅದರ ಮ್ಯಾಲೇ ನಡದಾವು. ಈ ಡಬ್ಬ್ಯಾಗ ಇರೂದು ಅದಲ್ಲ, ಅಷ್ಟ."

ಕಂಪನಿಯವನು ಮೈಕಿನಲ್ಲಿ ಏನೋ ಕೂಗಿದ. ಜನ ಚದುರಿದರು. ಮೇಡಂ ಅಪ್ಪನ ಕಡೆ ತಿರುಗಿ, "ನಾ ಬರ್ತೇನ್ರಿ ಸಾವ್ಕಾರ್ರ," ಅಂದು ಬಸ್‌ಸ್ಟ್ಯಾಂಡಿನ ಕಡೆ ಹೋದರು. ಅಪ್ಪನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಹೊಳ್ಳಿ ಬರುವಾಗ ದಾರಿಯುದ್ದಕ್ಕೂ ಅವರು ಒಂದೇ ಮಾತು ಆಡಿದ್ದು: "ಇನ್ನ ಆ ಹೆಣ್ಮಗಳ ಸುದ್ದಿ ನಮ್ಮ ಮನ್ಯಾಗ ಬ್ಯಾಡ."

ಮುಂದಿನ ವರ್ಷ ಕಾಲೇಜು ಮೇಡಂ ಅವರನ್ನು ಕರೆಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಆ ಹಿಂದಿನ ಕೋಣೆಯನ್ನು ಯಾರೋ ಖಾಲಿ ಮಾಡಿಸಿದ್ದರು. ನಾನು ಪರೀಕ್ಷೆಯ ಫಲಿತಾಂಶ ಕೇಳಲು ಹೋದಾಗ ಗಾಜುಗಳೆಲ್ಲ ಕಂಪೌಂಡಿನ ಮೂಲೆಯಲ್ಲಿ ಚೂರಾಗಿ ಬಿದ್ದಿದ್ದವು. ಕೆಲವು ಚೂರಿಗೆ ಇನ್ನೂ ನೇರಳೆ ಬಣ್ಣ ಇತ್ತು.

ನಾನು ಎಂ.ಎಸ್‌ಸಿ.ಗೆ ಧಾರವಾಡಕ್ಕೆ ಹೋದೆ. ರಜೆಗೆ ಬಂದಾಗಲೆಲ್ಲ ಅವ್ವನಿಗೆ ಹೇಳಿ, ಅಪ್ಪನಿಗೆ ಹೇಳದೆ, ಸವಣೂರಿಗೆ ಹೋಗುತ್ತಿದ್ದೆ. ಮೇಡಂ ಹುಡುಗರಿಗೆ ಟ್ಯೂಷನ್ ಹೇಳುತ್ತ, ಅಬ್ಬಾನ ಹಂಡೆಗಳಿದ್ದ ಹಿತ್ತಲಿನ ಚಪ್ಪರದಲ್ಲಿ ಮತ್ತೆ ಶುರು ಮಾಡಿದ್ದರು. ಕುಲುಮೆ ಇರಲಿಲ್ಲ, ಅಕ್ಕಸಾಲಿಗರೊಬ್ಬರ ಮೂಸೆಯ ಒಲೆಯಲ್ಲಿ ಸುಟ್ಟು ತರುತ್ತಿದ್ದರು. ಕುರುಕಲು ತಿಂಡಿ ಸವಣೂರು ಖಾರಾ ಒಂದು ತಟ್ಟೆಯಲ್ಲಿ ಹಾಕಿ ನನ್ನ ಮುಂದಿಟ್ಟು, ಧಾರವಾಡದ ಪ್ರಯೋಗಶಾಲೆಯಲ್ಲಿ ಈಗ ಯಾವ ಯಂತ್ರ ಬಂದಿದೆ, ಯಾರು ಏನು ಮಾಡುತ್ತಿದ್ದಾರೆ ಎಂದು ಒಂದೊಂದನ್ನೂ ಕೇಳುತ್ತಿದ್ದರು. ಅವರು ಬರೀ ಆಸೆಯಿಂದ ಕೇಳುತ್ತಿದ್ದರು, ಹೊಟ್ಟೆಕಿಚ್ಚು ಎಳ್ಳಷ್ಟೂ ಇರಲಿಲ್ಲ.

ಆ ಹೊತ್ತಿಗೆ ಹಾನಗಲ್ಲಿನ ಹೊಲಗಳ ಪ್ಯಾನೆಲ್ಲುಗಳು ಮಬ್ಬಾಗಿದ್ದವು. ಭತ್ತದ ಮಡಿಗೆ ನೀರು ಸಾಲದೆ ರೈತರು ನಮ್ಮ ಅಂಗಡಿಗೆ ಬಂದು ಕೂಡುತ್ತಿದ್ದರು. ಕಂಪನಿಯವನ ಫೋನು ಹತ್ತುತ್ತಿರಲಿಲ್ಲ. ಅಪ್ಪ ಸೀಮೆಎಣ್ಣೆ, ಸೋಪು, ಮರಳು ಎಲ್ಲ ಹಾಕಿ ತಿಕ್ಕಿಸಿ ನೋಡಿದರು. ಗಾಜಿಗೆ ಗೀರು ಬಿತ್ತೇ ಹೊರತು ಪದರ ಹೋಗಲಿಲ್ಲ. ಒಂದು ದಿನ ನಾನು ಸವಣೂರಿನಿಂದ ಬಂದು ಅಪ್ಪನ ಮುಂದೆ ನಿಂತು ಹೇಳಿದೆ: "ಮೇಡಂ ಅದನ್ನ ತೆಗಿಯೂದು ಹೆಂಗ ಅಂತ ಕಂಡಹಿಡದಾರ. ಎಂದೋ ಕಂಡಹಿಡದಾರಂತ. ನೀವು ಬಂದ್ರ ತೋರಸ್ತೇನಿ ಅಂದಾರ."

ಅಪ್ಪ ನನ್ನನ್ನು ಬೈಯಬಹುದೆಂದುಕೊಂಡಿದ್ದೆ. ಅವರು ಅಂಗಿ ಹಾಕಿಕೊಂಡು ಹೊರಟರು.

ರಂಗರೇಜರ ಮನೆಯ ಪಡಸಾಲೆಯಲ್ಲಿ ಅಪ್ಪ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತರು. ಒಳಗಿನಿಂದ ಮೇಡಂ, "ಬರ್ರಿ ಸಾವ್ಕಾರ್ರ, ಕುಂದರ್ರಿ. ಬಿಸಲ ಭಾಳೈತಿ," ಅಂದರು. ನಡುವೆ ಏನೂ ಆಗಿಲ್ಲ ಎನ್ನುವ ಹಾಗೆ. ನಮ್ಮ ಮಾಳಿಗೆಯಿಂದ ಅವ್ವ ಗುಟ್ಟಾಗಿ ಕಳಿಸಿಕೊಟ್ಟಿದ್ದ ಆ ಮಬ್ಬು ಪ್ಯಾನೆಲ್ಲು ಹಿತ್ತಲಿನಲ್ಲಿತ್ತು. ಅದರ ಮೇಲೆ ಸ್ಪಿರಿಟಿನಲ್ಲಿ ಅದ್ದಿದ ಹಳೆಯ ಹತ್ತಿ ಬಟ್ಟೆ ಹಾಸಿ, ಮೇಲೆ ಪ್ಲಾಸ್ಟಿಕ್ಕಿನ ಹಾಳೆ ಮುಚ್ಚಿ, ನೆರಳಿನಲ್ಲಿ ಬಿಟ್ಟು, ಆಮೇಲೆ ಮೆಲ್ಲಗೆ ಸುಲಿದರು. ಹಾವಿನ ಪೊರೆಯ ಹಾಗೆ ಪದರ ಎದ್ದು ಬಂತು. ಕೆಳಗೆ ಗಾಜು ಸ್ವಚ್ಛ. "ತಿಕ್ಕಬ್ಯಾಡ್ರಿ. ಮೆತ್ತಗಾಗೂ ಮಟಾ ತಡೀರಿ. ತಾನ ಬಿಡ್ತೈತಿ," ಅಂದರು. ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ಕೆಮ್ಮಿ, ಚಪ್ಪರದ ಕಂಬ ಹಿಡಿದು ನಿಂತರು.

ಅಪ್ಪ ಆ ಬೇಸಿಗೆಯೆಲ್ಲ ಹಾನಗಲ್ಲಿನ ಹೊಲಗಳಲ್ಲಿದ್ದರು. ಆಳು ಇಟ್ಟುಕೊಳ್ಳದೆ ತಾವೇ ಬಟ್ಟೆ ಹಾಸಿ, ತಾವೇ ಸುಲಿದರು.

ಮೇಡಂ ಕೆಮ್ಮು ಮಳೆಗಾಲಕ್ಕೆ ಹೋದೀತು ಅಂದುಕೊಂಡೆವು. ಹೋಗಲಿಲ್ಲ. ಮಾಳಿಗೆಯ ಮೆಟ್ಟಿಲು ಹತ್ತಲಾಗದೆ ಹೋಯಿತು, ಆಮೇಲೆ ಬಚ್ಚಲಮನೆಯ ತನಕ ನಡೆಯಲಾಗದೆ ಹೋಯಿತು. ಹುಬ್ಬಳ್ಳಿಯ ಡಾಕ್ಟರು ಶ್ವಾಸಕೋಶ ಗಟ್ಟಿಯಾಗುತ್ತ ನಡೆದಿದೆ, ಯಾಕೆಂದು ಹೇಳಲಾಗದು ಅಂದರು. ಅವರಿಗೆ ಆಗಷ್ಟೇ ನಲವತ್ತು ದಾಟಿತ್ತು. ಓಣಿಯಲ್ಲಿ ಎಲ್ಲರೂ ಆ ಬಿಳಿ ಪುಡಿಯದೇ ಕಾಟ ಅಂದರು. ಅವರ ಅಕ್ಕ ಪುಡಿಯ ಡಬ್ಬಿಗಳನ್ನೆಲ್ಲ ಒಯ್ದು ಮಣ್ಣಲ್ಲಿ ಹೂಳಿಸಿದರು. ನಾನೂ ಹಾಗೇ ನಂಬಿದ್ದೆ. ಹಿರೇಕೆರೂರಿನ ಕಾಲೇಜಿನಲ್ಲಿ ನನಗೆ ನೌಕರಿಯಾದ ಹೊಸತು. ಒಂದು ಭಾನುವಾರ ಅವರ ಮಂಚದ ಬಳಿ ಕೂತು, ಇದನ್ನು ಎಲ್ಲಾದರೂ ಬರೆಯಬೇಕು ಮೇಡಂ, ಹೊಗೆ ಎಳೆಯುವ ಯಂತ್ರ ಇಲ್ಲದ ಕೋಣೆಯಲ್ಲಿ ನಿಮ್ಮನ್ನು ಕೂಡಿಸಿದವರ ಬಗ್ಗೆ ಬರೆಯಬೇಕು ಅಂದೆ.

ಆಕ್ಸಿಜನ್ ನಳಿಕೆಯನ್ನು ತುಸು ಸರಿಸಿ ಅವರು ಮಾತಾಡಿದರು. ಒಂದೊಂದು ಮಾತಿಗೂ ನಡುವೆ ಉಸಿರು ಹಿಡಿಯುತ್ತಿದ್ದರು.

"ಪುಡಿಯಿಂದನ ಅಂತ ನಿನಗ ಗೊತ್ತೈತೇನು?"

"ಇಲ್ರಿ."

"ನನಗೂ ಗೊತ್ತಿಲ್ಲ. ಇರಬಹುದು. ನಮ್ಮ ಅಬ್ಬಾನೂ ಹಿಂಗ ಕೆಮ್ಮಿ ಕೆಮ್ಮಿ ಹೋದ್ರು, ಅವರು ಪುಡಿ ನೋಡಿದವರಲ್ಲ. ಗೊತ್ತಿಲ್ಲದ್ದನ್ನ ನನ್ನ ಹೆಸರಿನ ಮ್ಯಾಲೆ ಬರೀಬ್ಯಾಡವಾ. ಒಮ್ಮೆ ಆ ಚೀಟಿಯೊಳಗ ಬರದಿದ್ರು, ಸಾಕು."

ನನಗೆ ಅಳು ತಡೆಯಲಾಗಲಿಲ್ಲ. ಅವರು ಅಳಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹುಡುಗೂರಿಗೆ ಪುಡಿ ಅರಿಯಾಕ ಕೊಡಬ್ಯಾಡ ಮತ್ತ. ಗೊತ್ತಾಗೂ ಮಟಾ ದೂರ ನಿಂದರಸು," ಅಂದರು. ಅವರು ನನಗೆ ಹೇಳಿದ ಕೊನೆಯ ಮಾತು ಅದೇ. ಅದೂ ಅವರ ಬಗ್ಗೆ ಇರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವರ ಅಕ್ಕ ಫೋನು ಮಾಡಿದರು. ನಾನು ಹಿರೇಕೆರೂರಿನಿಂದ ಹೊರಟು ಸವಣೂರು ಮುಟ್ಟುವಷ್ಟರಲ್ಲಿ ಅಪ್ಪ ಆಗಲೇ ಶಿಗ್ಗಾವಿಯಿಂದ ಬಂದು ಓಣಿಯ ತುದಿಯಲ್ಲಿ ನಿಂತಿದ್ದರು. ಒಳಗೆ ಹೆಂಗಸರು ಮೈ ತೊಳೆಯುತ್ತಿದ್ದರು. ಅಕ್ಕ ನನ್ನನ್ನು ಕಂಡು ಬಿಸಿನೀರು ತಾ ಅಂದರು. ನೀರು ತಂದುಕೊಟ್ಟೆ. ಮತ್ತೆ ತಾ ಅಂದರು, ಮತ್ತೆ ತಂದೆ. ಆ ಹೊತ್ತಿನಲ್ಲಿ ಒಂದು ಕೆಲಸ ಕೊಟ್ಟದ್ದಕ್ಕೆ ಅವರಿಗೆ ನಾನು ಋಣಿ.

ಮಸೀದಿಯ ಹತ್ತಿರದಿಂದ ಶವ ಹೊರುವ ಡೋಲಿ ತಂದರು. ಗಂಡಸರು ಎತ್ತಿಕೊಂಡು ಹೊರಟಾಗ ನಾನು ಬಾಗಿಲಲ್ಲಿ ನಿಂತು ನೋಡಿದೆ. ಓಣಿಯ ತಿರುವಿನಲ್ಲಿ ಅಪ್ಪ ಚಪ್ಪಲಿ ಬಿಟ್ಟು ಮುಂದೆ ಬಂದರು. ಒಬ್ಬ ಹಿರಿಯರ ಹತ್ತಿರ ಏನೋ ಕೇಳಿದರು. ಅವರು ಸರಿದು ಜಾಗ ಕೊಟ್ಟರು. ಅಪ್ಪ ಹೆಗಲು ಕೊಟ್ಟು ಖಬರಸ್ತಾನದ ತನಕ ಹೋದರು.

ಸಂಜೆ ಅಪ್ಪನ ಗಾಡಿಯಲ್ಲಿ ಶಿಗ್ಗಾವಿಗೆ ಹೊರಟೆವು. ಜಿಟಿಜಿಟಿ ಮಳೆ. ಬಂಕಾಪುರ ದಾಟಿತು. ಆಮೇಲೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ, ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, ಡೋಲಿ ಹೊತ್ತ ಹೆಗಲು ಮುಟ್ಟಿಕೊಂಡು ಅಂದರು:

"ಹಗರ ಇದ್ರು. ಭಾಳ ಹಗರ ಇದ್ರವ್ವಾ."

ಗಾಡಿಯನ್ನು ಬದಿಗೆ ಹಚ್ಚಿ ನಿಲ್ಲಿಸಿದರು. ನಾವಿಬ್ಬರೂ ಅಲ್ಲೇ ಕೂತಿದ್ದೆವು.